ಕೊಳಗದೊಳಗಿನ ಕಿರೀಟ

ಹೊಳೆನರಸೀಪುರ
೧೨ ಸೆಪ್ಟೆಂಬರ್ ೨೦೨೪, ಗುರುವಾರ

ಪ್ರೀತಿಯ ಶೋಭಿ,

‘ಪ್ರೀತಿಯ’ ಎಂದು ಬರೆಯಲೋ ಬೇಡವೋ ಎಂದು ಪೆನ್ನು ಹಿಡಿದು ತುಂಬ ಹೊತ್ತು ಕೂತಿದ್ದೆ. ‘ಶೋಭಿತಾ ಅವರಿಗೆ’ ಎಂದು ಬರೆದರೆ ನೀನು ನಕ್ಕುಬಿಡುತ್ತೀಯ. ನಗಿಸುವ ಮನಸ್ಸು ಈಗ ನನಗಿಲ್ಲ. ಅದಕ್ಕೇ ಹಳೆಯ ಅಭ್ಯಾಸದಂತೆ ಬರೆದೆ, ಹಾಗೇ ಇರಲಿ ಬಿಡು.

ನೀನು ನನ್ನ ನಂಬರ್ ಬ್ಲಾಕ್ ಮಾಡಿ ಎರಡು ವರ್ಷವಾಯಿತು. ನುಗ್ಗೇಹಳ್ಳಿಯ ನಿನ್ನ ಸ್ಕೂಲಿನ ವಿಳಾಸಕ್ಕೆ ಕಾಗದ ಬಂದರೆ ಹೆಡ್‌ಮಾಸ್ಟರ ಎದುರಿಗೆ ಹರಿದು ಹಾಕಲಾರೆ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ವಿಶೇಷ ಏನೂ ಇಲ್ಲ. ಆಹ್ವಾನ ಪತ್ರಿಕೆ ಕಳಿಸಬೇಕಿತ್ತು, ಅಷ್ಟೆ. ಈ ಭಾನುವಾರ ಹಾಸನದ ಕಲಾಕ್ಷೇತ್ರದಲ್ಲಿ ನಮ್ಮ ‘ಗಿರಣಿ ಮಕ್ಕಳ ರಂಗ’ದ ಇಪ್ಪತ್ತನೇ ವರ್ಷದ ನಾಟಕ. ಸ್ಥಾಪಕರು ಎಂದು ಇಬ್ಬರ ಹೆಸರೂ ಇದೆ, ನಿನ್ನದೇ ಮೊದಲು. ನೋಡಿಕೊ.

ನಾಟಕ ‘ನಿದ್ದೆ ಬಾರದ ರಾಣಿ’. ನೀನು ಹೋದ ಮೇಲೆ ಕಟ್ಟಿದ್ದು, ನಿನಗೆ ಗೊತ್ತಿಲ್ಲ. ಒಬ್ಬ ರಾಣಿಗೆ ನಿದ್ದೆ ಬರುವುದಿಲ್ಲ. ತಾನು ಕಣ್ಣು ಮುಚ್ಚುವವರೆಗೂ ರಾಜ್ಯದಲ್ಲಿ ಯಾರೂ ಕಣ್ಣು ಮುಚ್ಚಕೂಡದು ಎಂದು ಅಪ್ಪಣೆ ಮಾಡುತ್ತಾಳೆ. ಕೊನೆಗೆ ಬೀದಿಯ ಕತ್ತೆಯೊಂದರ ಬೆನ್ನಿಗೆ ತಲೆಯಿಟ್ಟು ನಿದ್ದೆ ಹೋಗುತ್ತಾಳೆ. ಇಡೀ ರಾಜ್ಯ ಮಲಗುತ್ತದೆ. ಅಷ್ಟರಲ್ಲಿ ಕತ್ತೆ ಒದರಿ ಎಲ್ಲರನ್ನೂ ಎಬ್ಬಿಸುತ್ತದೆ. ಮಕ್ಕಳಿಗೆ ಅದೇ ಇಷ್ಟ, ಆ ಒದರಾಟ.

ಇಷ್ಟು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಬಂದೆ. ಒಮ್ಮೆ ಗಿರಣಿಯ ಬಾಗಿಲು ಹಾಕಿದ್ದೇನೋ ಇಲ್ಲವೋ ನೋಡಲು. ಇನ್ನೊಮ್ಮೆ ಯಾಕೆ ಎದ್ದೆ ಎಂಬುದೇ ನೆನಪಿಲ್ಲ. ಬೀದಿಯ ಗಣಪತಿ ಪೆಂಡಾಲಿನ ಮೈಕು ಬೆಳಗಿನಿಂದ ಕಿವಿ ತಿನ್ನುತ್ತಿದೆ. ಕಾಫಿ ಆರಿತು, ಮತ್ತೆ ಬಿಸಿ ಮಾಡಿದೆ, ಮತ್ತೆ ಆರಿತು. ಕಾಲಿಗೆ ಚಕ್ರ ಕಟ್ಟಿಕೊಂಡಿದ್ದೀಯೇನಮ್ಮ ಎಂದು ಅತ್ತೆ ಕೇಳಿದರು. ಇಪ್ಪತ್ತನೇ ವರ್ಷದ ಗಡಿಬಿಡಿ ಎಂದೆ.

ಇಪ್ಪತ್ತು ವರ್ಷ ಕಣೇ. ನಾನು ಆಗಷ್ಟೇ ಮದುವೆಯಾಗಿ ಈ ಮನೆಗೆ ಬಂದಿದ್ದೆ. ಮಾವ ತಿಮ್ಮಪ್ಪನವರು ಅಕ್ಕಿ ಗಿರಣಿಯ ಯಂತ್ರಗಳನ್ನು ಮಾರಿ ಕಟ್ಟಡವನ್ನು ಖಾಲಿ ಬಿಟ್ಟಿದ್ದರು. ನಾವಿಬ್ಬರೂ ಹೋಗಿ ಕೇಳಿದಾಗ, ಮಕ್ಕಳು ಕುಣಿದರೆ ಹೆಗ್ಗಣಗಳಾದರೂ ಓಡಿಹೋಗುತ್ತವೆ ಎಂದು ಬೀಗದ ಕೈ ಕೊಟ್ಟರು. ಗೋಣಿಚೀಲ ಹೊಲಿದು ಪರದೆ ಮಾಡಿದೆವು. ಮೂಟೆ ತೂಗುತ್ತಿದ್ದ ಕಟ್ಟೆಯೇ ರಂಗವಾಯಿತು. ತೌಡಿನ ಧೂಳಿಗೆ ಮೊದಲ ನಾಟಕದ ರಾಜ ಮಾತಿಗೊಮ್ಮೆ ಸೀನುತ್ತಿದ್ದ. ಮುಂದೆ ಕೂತಿದ್ದ ಮಕ್ಕಳು ಅದೂ ನಾಟಕವೇ ಎಂದುಕೊಂಡು ತಾವೂ ಸೀನಿದರು. ಊರೂರಿಗೆ ಹೋದೆವು. ಟಿಕೆಟ್ಟಿಗೆ ಬದಲು ಮನೆಗೊಂದು ತೆಂಗಿನಕಾಯಿ ಎಂದೆವು. ಚನ್ನರಾಯಪಟ್ಟಣದ ಕಡೆ ಟೆಂಪೋ ತುಂಬ ಕಾಯಿ ಬಿದ್ದು, ಡೀಸೆಲ್ಲಿಗೆ ಕಾಸಿಲ್ಲದೆ, ನಿನ್ನ ತಮ್ಮ ಗೌತಮ್ ದಾರಿಯ ಹೋಟೆಲುಗಳಿಗೆಲ್ಲ ಕಾಯಿ ಮಾರುತ್ತ ಗಾಡಿ ಓಡಿಸಿಕೊಂಡು ಬಂದ. ಮಕ್ಕಳು ಮುಂದೆ, ದೊಡ್ಡವರು ಹಿಂದೆ ನೆಲದ ಮೇಲೆ. ಹಾರ ಬೇಡ, ತುರಾಯಿ ಬೇಡ, ಭಾಷಣ ಬೇಡವೇ ಬೇಡ. ಈ ಕಾನೂನೆಲ್ಲ ನಿನ್ನವು.

ಆದರೆ ತಂಡಕ್ಕೆ ಜೀವ ಬಂದದ್ದು ಕೊಳಗದಿಂದ. ಗಿರಣಿ ಗುಡಿಸುವಾಗ ಮೂಲೆಯಲ್ಲಿ ಸಿಕ್ಕಿದ, ಭತ್ತ ಅಳೆಯುವ ಆ ಹಳೆಯ ಕೊಳಗವನ್ನು ನಿಮ್ಮಜ್ಜಿ ಕಂಡೊಡನೆ ಗುರುತು ಹಿಡಿದರು. ಅವರು ಇದೇ ಗಿರಣಿಯ ಕಣದಲ್ಲಿ ಭತ್ತ ತೂರಿದವರು. ಕೂಲಿಯ ಭತ್ತವನ್ನು ಅವರಿಗೆ ಅದರಲ್ಲೇ ಅಳೆದು ಕೊಡುತ್ತಿದ್ದರು. ಅವರು ಅಂದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

‘ಅಳ್ದು ಆಕಿದ್ದ ಸೆರಗೊಡ್ಡಿ ಈಸ್ಕತಿದ್ದೊ ಕಣವ್ವ. ನಮ್ ಕೈ ಇದ್ರೊಳಿಕ್ಕೆ ಓಗಂಗಿರ್ಲಿಲ್ಲ. ಈ ಮಕ್ಳಾದ್ರೂ ಕೈ ಆಕ್ಲಿ ಬುಡು.’

ಮಾರನೆಯ ದಿನ ನೀನು ಹೇಮಾವತಿ ಹೊಳೆಯಿಂದ ದುಪಟ್ಟಾದ ತುಂಬ ನುಣ್ಣನೆಯ ಗುಂಡುಕಲ್ಲು ಆರಿಸಿ ತಂದೆ. ಮಕ್ಕಳ ಕೈಯಲ್ಲಿ ಒಂದೊಂದರ ಮೇಲೆ ಒಂದೊಂದು ಚಿತ್ರ ಬರೆಸಿದೆ: ಕಿರೀಟ, ಮಂತ್ರಿಯ ಮೀಸೆ, ಕತ್ತೆ, ಮರ. ತಂಡದ ಪ್ರತಿ ಮಗುವೂ ಎಲ್ಲ ಪಾತ್ರಗಳನ್ನೂ ಕಲಿಯಬೇಕು. ಯಾರಿಗೆ ಯಾವ ಪಾತ್ರ ಎಂಬುದು ನಾಟಕದ ದಿನವೇ ಗೊತ್ತಾಗಬೇಕು, ಕಣ್ಣು ಮುಚ್ಚಿ ಕೊಳಗಕ್ಕೆ ಕೈಹಾಕಿ ಎತ್ತಿದ ಕಲ್ಲಿನಂತೆ. ನಾವು ಓದುತ್ತಿದ್ದಾಗ ಶಾಲೆಯ ನಾಟಕದಲ್ಲಿ ರಾಣಿಯ ಮಾತೆಲ್ಲ ಬಾಯಿಪಾಠವಿದ್ದ ನಿನ್ನನ್ನು ಪರದೆ ಎಳೆಯಲು ನಿಲ್ಲಿಸಿ, ಮಾತು ಮರೆಯುತ್ತಿದ್ದ ನನ್ನ ತಲೆಗೆ ಕಿರೀಟ ಇಟ್ಟಿದ್ದರಲ್ಲ, ಅದಕ್ಕೆ ನೀನು ಕೊಟ್ಟ ಉತ್ತರ ಅದು. ನೀನು ಬಾಯಿ ಬಿಟ್ಟು ಹೇಳಲಿಲ್ಲ. ನಾನೂ ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ಇಷ್ಟೆಲ್ಲ ಕಟ್ಟಿದವಳು ಒಂದು ಮಾತಿಗೆ ಬಿಟ್ಟು ಹೋದೆಯಲ್ಲ. ನನ್ನ ಮಗಳು ನಿಸರ್ಗ ನಮ್ಮ ತಂಡಕ್ಕೆ ಸೇರಿದ ದಿನ ನೀನು ಏನಂದೆ ನೆನಪಿದೆಯಾ? ಮಗಳು ಆಡುವಷ್ಟು ಕಾಲ ಕೊಳಗವನ್ನು ನೀನು ಹಿಡಿಯಬೇಡ, ಬೇರೆಯವರು ಹಿಡಿಯಲಿ ಎಂದೆ. ನನ್ನ ಮೇಲೆ ಅನುಮಾನವಾ ಎಂದು ನಾನು ಕೂಗಾಡಿದೆ. ನೀನು ಕೂಗಾಡಲಿಲ್ಲ. ಅದೇ ನನಗೆ ಇನ್ನಷ್ಟು ಉರಿಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತೀಯಲ್ಲೇ ಎಂದು ಮೆಲ್ಲಗೆ ಅಂದು ಚಪ್ಪಲಿ ಮೆಟ್ಟಿಕೊಂಡು ಹೊರಟೆ. ನುಗ್ಗೇಹಳ್ಳಿಗೆ ವರ್ಗವಾದದ್ದು ನಿನಗೆ ನೆಪವಾಯಿತು.

ಈಗ ಕೇಳು. ಈ ಎರಡು ವರ್ಷವೂ ಕೊಳಗ ಹಿಡಿದವಳು ನಾನೇ. ನನ್ನ ಮಗಳು ಏನೇನಾಗಿದ್ದಾಳೆ ಗೊತ್ತಾ? ಮರ. ಬಾವಿಕಟ್ಟೆ. ಆನೆಯ ಹಿಂದಿನ ಕಾಲುಗಳು. ಮತ್ತೆ ಮರ. ಮೋಸ ಮಾಡುವ ತಾಯಿ ಮಗಳನ್ನು ಆನೆಯ ಹಿಂಗಾಲು ಮಾಡುತ್ತಾಳೇನೇ? ಒಂದು ಸಲವೂ, ಒಂದೇ ಒಂದು ಸಲವೂ ಆ ಮಗುವಿನ ಕೈಗೆ ಕಿರೀಟ ಬಂದಿಲ್ಲ. ಬೇರೆ ಮಕ್ಕಳ ತಲೆಗೆ ಅದನ್ನು ಕಟ್ಟುವಾಗ ಪಿನ್ನು ಹಿಡಿದುಕೊಂಡು ಪಕ್ಕದಲ್ಲಿ ನಿಂತಿರುತ್ತಾಳೆ.

ಇನ್ನೊಂದು ಸಂಗತಿ. ಗಿರಣಿಯನ್ನು ಟೈಲ್ಸ್ ಅಂಗಡಿಗೆ ಕೊಡಿ ಎಂದು ನೆಂಟರೊಬ್ಬರು ಮಾವನವರ ಬೆನ್ನು ಹತ್ತಿದ್ದಾರೆ. ಮಾವ ಇನ್ನೂ ಮನಸ್ಸು ಮಾಡಿಲ್ಲ. ಗೌರಿಹಬ್ಬದ ಊಟಕ್ಕೆ ಕೂತಾಗ ಹಾಸನದ ನಾಟಕದ ಮಾತು ಬಂತು. ಅವರ ಕಡೆಯ ನೆಂಟರಿಷ್ಟರೆಲ್ಲ ಬರುತ್ತಾರಂತೆ. ಒಬ್ಬಟ್ಟು ಮುರಿಯುತ್ತ, ನಗುತ್ತಲೇ ಹೇಳಿದರು:

‘ನಮ್ ನಿಸರ್ಗ ಕಿರೀಟ ಇಟ್ಕಂಡು ಹಾಸ್ನದ ಸ್ಟೇಜ್ ಮ್ಯಾಲೆ ನಿಂತ್ಕಳ್ಳಿ, ನಾನೇ ಬಂದು ಗಿರಣಿ ಈ ಮಕ್ಳಿಗೆ ಬರ್ದುಕೊಟ್ಟೆ ಅಂತ ಮೈಕಲ್ಲಿ ಏಳ್ಬುಡ್ತೀನಿ ಕಣಮ್ಮ.’

ಅದು ಕೊಳಗದ ಕೈಯಲ್ಲಿದೆ ಮಾವ ಎಂದೆ. ಈ ಸಲ ಸಿಗುತ್ತದೆ ಬಿಡು, ನರಸಿಂಹಸ್ವಾಮಿಗೆ ಹೇಳಿಕೊಂಡಿದ್ದೇನೆ ಎಂದರು. ಆ ಮೇಲೆ ಬೇರೆ ಮಾತಿಗೆ ಹೋದರು.

ನನಗೆ ಚಿಂತೆ ಹತ್ತಿದೆ ಎಂದು ತಿಳಿಯಬೇಡ. ಕಲ್ಲು ಬಂದಂತೆ ಆಗುತ್ತದೆ. ಇದನ್ನು ನಾಳೆ ಅಂಚೆಗೆ ಹಾಕುತ್ತೇನೆ.

ಅರಕಲಗೂಡು ಬಸ್ ನಿಲ್ದಾಣ
ಶುಕ್ರವಾರ

ಅಂಚೆಗೆ ಹಾಕಲಿಲ್ಲ. ಕಾಗದ ಬ್ಯಾಗಿನಲ್ಲೇ ನನ್ನ ಜೊತೆ ತಿರುಗುತ್ತಿದೆ. ಹೊಳೆನರಸೀಪುರದ ಬಸ್ಸು ಈಗಷ್ಟೇ ಹೋಯಿತಂತೆ. ಇನ್ನೊಂದು ಬರುವವರೆಗೆ ಬರೆಯುತ್ತೇನೆ.

ಮಲ್ಲಿಪಟ್ಟಣಕ್ಕೆ ಹೋಗಿದ್ದೆ. ನಮ್ಮ ತಂಡದಲ್ಲಿ ಮೇಘಶ್ರೀ ಅಂತ ಒಬ್ಬ ಹುಡುಗಿ ಇದ್ದಾಳೆ, ನೀನು ಹೋದ ಮೇಲೆ ಬಂದವಳು. ನಮ್ಮೂರ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ, ನಿಸರ್ಗಳ ಕ್ಲಾಸೇ. ಇಬ್ಬರೂ ಒಂದೇ ಬೆಂಚು. ಹಬ್ಬಕ್ಕೆ ಊರಿಗೆ ಹೋದವಳು ವಾಪಸು ಬಂದಿರಲಿಲ್ಲ. ಫೋನು ಮಾಡಿದರೆ ಅವಳಪ್ಪ ಲಕ್ಕಯ್ಯ, ಹಾಸನದವರೆಗೆ ಹೆಣ್ಣುಮಗುವನ್ನು ಕಳಿಸುವುದಿಲ್ಲ ಎಂದು ಇಟ್ಟುಬಿಟ್ಟ. ಹಾಗಾಗಿ ನಾನೇ ಹೊರಟೆ.

ಗಂಡ ಹೆಂಡತಿ ಇಬ್ಬರೂ ಶುಂಠಿ ಹೊಲದಲ್ಲಿ ಕಳೆ ಕೀಳುವ ಕೂಲಿಯಲ್ಲಿದ್ದರು. ಬದುವಿನ ಮೇಲೆ ನಿಂತು ನಾನು ಯಾರೆಂದು ಹೇಳುವಷ್ಟರಲ್ಲಿ, ಸಾಲಿನ ಆಚೆ ತುದಿಯಲ್ಲಿ ಬಗ್ಗಿದ್ದ ಒಬ್ಬ ಹೆಂಗಸು ನೆಟ್ಟಗೆ ನಿಂತು, ಸೊಂಟದ ಮೇಲೆ ಕೈಯಿಟ್ಟು, ‘ನಾನು ಕಣ್ ಮುಚ್ಚೋಗಂಟ ಈ ರಾಜ್ಯದಲ್ಲಿ ಯಾರೂ ಕಣ್ ಮುಚ್ಚಕೂಡ್ದು!’ ಎಂದಳು. ಹೊಲಕ್ಕೆ ಹೊಲವೇ ನಕ್ಕಿತು. ಅವಳೇ ಮೇಘಶ್ರೀಯ ತಾಯಿ. ಮಗಳು ರಜೆಯಲ್ಲಿ ಹೊಲಕ್ಕೆ ಬಂದು ಎಲ್ಲ ಪಾತ್ರಗಳನ್ನೂ ಒಬ್ಬಳೇ ಹೇಳಿಕೊಳ್ಳುತ್ತಾಳಂತೆ. ಕೇಳಿ ಕೇಳಿ ಕಳೆ ಕೀಳುವವರಿಗೆಲ್ಲ ನಾಟಕ ಬರುತ್ತದಂತೆ. ಮಂತ್ರಿಯ ಮಾತಿಗೆ ಒಬ್ಬಳು, ಕತ್ತೆಗೆ ಒಬ್ಬಳು. ಶೋಭಿ, ಆ ಹೊತ್ತು ನೀನು ಪಕ್ಕದಲ್ಲಿರಬೇಕಿತ್ತು. ನಮ್ಮ ಮಕ್ಕಳ ನಾಟಕವನ್ನು ಇಷ್ಟು ಚೆನ್ನಾಗಿ ಯಾವ ಸ್ಟೇಜಿನ ಮೇಲೂ ನಾನು ನೋಡಿಲ್ಲ.

ಲಕ್ಕಯ್ಯ ಮಾತ್ರ ನಗಲಿಲ್ಲ. ಕೈಯ ಮಣ್ಣು ಒರೆಸಿಕೊಂಡು ಹತ್ತಿರ ಬಂದು ಕೇಳಿದ:

‘ಮಿಸ್ಸೇ, ನಿಜ ಏಳಿ. ನಮ್ ಮಗೀಗೂ ರಾಣಿ ಆಗೋ ಅವಕಾಸ ಅದಾ? ಇಲ್ಲಾ ಅದು ದೊಡ್ಡೋರ್ ಮನೆ ಮಕ್ಳಿಗೇನಾ?’

ಕೊಳಗಕ್ಕೆ ದೊಡ್ಡವರು ಚಿಕ್ಕವರು ಅಂತ ಇಲ್ಲಪ್ಪ, ಎಲ್ಲರ ಕೈಯೂ ಒಂದೇ ಎಂದೆ. ಅವನು ಹೆಂಡತಿಗೆ ಮಗುವಿನ ಬಟ್ಟೆ ಕಟ್ಟಲು ಹೇಳಿದ. ತಾವಿಬ್ಬರೂ ಭಾನುವಾರ ಬರುತ್ತೇವೆ ಎಂದ. ಈಗ ಮೇಘಶ್ರೀ ನನ್ನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತು ಕಡ್ಲೆಪುರಿ ತಿನ್ನುತ್ತಿದ್ದಾಳೆ. ಏನು ಬರೀತಿದ್ದೀರಿ ಮಿಸ್ ಎಂದಳು. ಗೆಳತಿಗೆ ಎಂದೆ.

ಲಕ್ಕಯ್ಯನಿಗೆ ಆ ಮಾತು ಹೇಳುವಾಗ ನನ್ನ ನಾಲಗೆ ಒಣಗಿತು. ಬಿಸಿಲು ಜಾಸ್ತಿಯಿತ್ತು.

ಹಾಸನ
ಭಾನುವಾರ ಬೆಳಗ್ಗೆ

ಗ್ರೀನ್ ರೂಮಿನಲ್ಲಿ ಕ್ಷಣ ಕೂತಿದ್ದೇನೆ. ಕೂತಿದ್ದೇನೆ ಎಂಬುದು ಹೆಸರಿಗೆ. ಬಣ್ಣದ ಡಬ್ಬಿ ಸರಿ ಮಾಡಿದೆ, ಕಿರೀಟದ ಅಂಟು ಮುಟ್ಟಿ ನೋಡಿದೆ, ಕತ್ತೆಯ ಮುಖವಾಡದ ಕಿವಿ ಮತ್ತೆ ಹೊಲಿದೆ. ಚೆನ್ನಾಗಿಯೇ ಇತ್ತು, ಆದರೂ ಹೊಲಿದೆ.

ನಿನಗೆ ಸಿಟ್ಟು ಬರುತ್ತದೆ, ಆದರೂ ಹೇಳುತ್ತೇನೆ. ಈ ಸಲ ಹಾರಗಳಿವೆ. ಮಾವನವರ ಕಡೆಯ ಅತಿಥಿಗಳಿಗೆ. ಬಾಡದಿರಲಿ ಎಂದು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಐಸ್ ಹಾಕಿ ಇಟ್ಟಿದ್ದೇವೆ. ಆಗಾಗ ಮುಚ್ಚಳ ತೆಗೆದು ನೋಡಿ ಬರುತ್ತಿದ್ದೇನೆ. ‘ಇಂಗೆ ತಗ್ದು ತಗ್ದು ನೋಡುದ್ರೆ ತಣ್ಣಗೆ ಎಂಗಿರ್ತದೆ ರೂಪಕ್ಕ’ ಎಂದ ಗೌತಮ್. ಅವನೇ ಈಗಲೂ ನಮ್ಮ ಟೆಂಪೋ ಓಡಿಸುವುದು. ನಿನ್ನ ವಿಷಯ ಕೇಳಿದರೆ ಮಾತ್ರ ಗಾಡಿಯ ಕನ್ನಡಿ ಒರೆಸಲು ಶುರು ಮಾಡುತ್ತಾನೆ.

ನಿಸರ್ಗಳಿಗೆ ಜಡೆ ಹಾಕುವಾಗ ಕಿವಿಯಲ್ಲಿ ಒಂದು ಮಾತು ಹೇಳಿದೆ. ತಾಯಿ ಮಗಳಿಗೆ ಹೇಳುವಂಥದ್ದು, ಅಷ್ಟೆ. ಹೂಂ ಎಂದಳು. ಕನ್ನಡಿಯಲ್ಲಿ ನನ್ನನ್ನು ನೋಡಲಿಲ್ಲ.

ಮಕ್ಕಳು ಕರೆಯುತ್ತಿದ್ದಾರೆ. ಕೊಳಗ ಹಿಡಿಯಬೇಕು.

ಹೊಳೆನರಸೀಪುರ
೧೭ ಸೆಪ್ಟೆಂಬರ್, ಮಂಗಳವಾರ

ಶೋಭಿ, ಬೇಲಿಯೇ ಎದ್ದು ಹೊಲ ಮೇಯಿತು.

ನಿನ್ನೆಯಿಡೀ ಈ ಕಾಗದ ಹರಿದು ಹಾಕಲೇ ಎಂದು ಒದ್ದಾಡಿದೆ. ಹರಿಯಲಿಲ್ಲ. ಮೇಲೆ ಬರೆದದ್ದನ್ನು ತಿದ್ದಿಯೂ ಇಲ್ಲ. ಎಲ್ಲೆಲ್ಲಿ ಸುಳ್ಳು ಹೇಳಿದ್ದೇನೆ ಎಂಬುದು ನಿನಗೇ ಗೊತ್ತಾಗಲಿ.

ಹಾರದ ಪೆಟ್ಟಿಗೆಯಲ್ಲಿ ಹಾರಗಳ ಅಡಿಗೆ, ಐಸಿನ ನಡುವೆ, ಕಿರೀಟದ ಕಲ್ಲು ಇತ್ತು. ನಾನೇ ಇಟ್ಟಿದ್ದೆ. ಹೊಳೆಯ ಕಲ್ಲು ಒಮ್ಮೆ ತಣ್ಣಗಾದರೆ ಬೇಗ ಬೆಚ್ಚಗಾಗುವುದಿಲ್ಲ. ಹಬ್ಬದ ದಿನ ಮಾವ ಆ ಮಾತು ಹೇಳಿದಾಗಿನಿಂದ ಈ ಉಪಾಯ ನನ್ನ ತಲೆ ಕೊರೆಯುತ್ತಿತ್ತು. ಗುರುವಾರ ನಿನಗೆ ಕಾಗದ ಶುರು ಮಾಡಿದ್ದು ಆಹ್ವಾನ ಕೊಡಲಿಕ್ಕಲ್ಲ. ನೀನು ಹೇಗಾದರೂ ನನ್ನನ್ನು ತಡೆಯಲಿ ಎಂದು. ಆದರೆ ಅಂಚೆಗೆ ಹಾಕಿದರೆ ನಿಜಕ್ಕೂ ತಡೆದುಬಿಡುತ್ತೀಯ ಎಂದು ಹೆದರಿ ಬ್ಯಾಗಿನಲ್ಲೇ ಇಟ್ಟುಕೊಂಡೆ. ಜಡೆ ಹಾಕುವಾಗ ಮಗಳ ಕಿವಿಯಲ್ಲಿ ಹೇಳಿದ್ದು ಇಷ್ಟೇ: ಕೈಗೆ ತಣ್ಣಗೆ ತಾಗಿದ್ದನ್ನು ಎತ್ತಿಕೊ.

ಮಕ್ಕಳು ಕರೆದಾಗ ಆ ಕಲ್ಲನ್ನು ಯಾರಿಗೂ ಕಾಣದಂತೆ ತೆಗೆದು ಕೊಳಗಕ್ಕೆ ಸೇರಿಸಿದೆ. ಮಕ್ಕಳು ಸುತ್ತ ನಿಂತರು. ಮಾವನವರೂ ಅವರ ನೆಂಟರೂ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಲಕ್ಕಯ್ಯ ಅವರ ಹಿಂದೆ, ಗೋಡೆಗೆ ಒತ್ತಿಕೊಂಡು. ಯಾವಾಗಲೂ ಸಣ್ಣ ಮಕ್ಕಳಿಂದ ಶುರು ಮಾಡುವುದು ನಮ್ಮ ರೂಢಿ. ಅವತ್ತು ನಿಸರ್ಗಳನ್ನೇ ಮೊದಲು ಕರೆದೆ.

ಅವಳು ಕಣ್ಣು ಮುಚ್ಚಿ ಕೈಹಾಕಿದಳು. ಕಲ್ಲುಗಳು ಕಟಕಟ ಎಂದವು. ಆಮೇಲೆ ಸದ್ದು ನಿಂತಿತು. ಸಿಕ್ಕಿತು ಎಂದು ನನಗೆ ತಿಳಿಯಿತು, ಅವಳ ಹುಬ್ಬು ಅಲುಗಿತು. ಅವಳು ಕಣ್ಣು ಬಿಟ್ಟು ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ ಕಣೇ. ದಾರಿಯಲ್ಲಿ ಯಾರನ್ನೋ ಅಮ್ಮ ಎಂದುಕೊಂಡು ಸೆರಗು ಹಿಡಿದ ಮಗು, ಮುಖ ನೋಡಿ ಬೇರೆಯವರು ಎಂದು ಗೊತ್ತಾದಾಗ ನೋಡುತ್ತದಲ್ಲ, ಹಾಗೆ. ಮತ್ತೆ ಕಣ್ಣು ಮುಚ್ಚಿ, ಕೈಯನ್ನು ಪಕ್ಕಕ್ಕೆ ಸರಿಸಿ, ಬೇರೆ ಕಲ್ಲು ಎತ್ತಿದಳು. ಕತ್ತೆ. ಮಕ್ಕಳೆಲ್ಲ ಹೋ ಎಂದು ನಕ್ಕರು.

ಉಳಿದವರು ಒಬ್ಬೊಬ್ಬರಾಗಿ ಬಂದರು. ಮೇಘಶ್ರೀಯ ಸರದಿ ಬಂತು. ಅವಳ ಅಂಗೈಯಲ್ಲಿ ಕಿರೀಟ. ಅವಳು ಕುಣಿಯಲಿಲ್ಲ, ಕಲ್ಲನ್ನು ಕೆನ್ನೆಗೆ ಒತ್ತಿ ನೋಡಿದಳು.

‘ಮಿಸ್, ಈ ಕಲ್ಲು ಯಾಕೆ ಇಷ್ಟು ತಣ್ಣಗದೆ? ಒದ್ದೆನೂ ಅದೆ.’

ಎಲ್ಲರೂ ನನ್ನ ಕಡೆ ತಿರುಗಿದರು. ಇಪ್ಪತ್ತು ವರ್ಷ ಮಕ್ಕಳಿಗೆ ಮಾತು ಕಲಿಸಿದವಳಿಗೆ ಒಂದು ಸುಳ್ಳು ಸಿಗಲಿಲ್ಲ. ನನ್ನ ಬದಲು ನಿಸರ್ಗ ಹೇಳಿದಳು:

‘ಹೊಳೆ ಕಲ್ಲು ಕಣೇ. ಒಂದೊಂದು ಹಂಗೇ ಇರ್ತದೆ.’

ಹೇಳಿ, ಪಿನ್ನಿನ ಡಬ್ಬಿ ತೆಗೆದುಕೊಂಡು ಗೆಳತಿಯ ತಲೆಗೆ ಕಿರೀಟ ಕಟ್ಟಲು ಹೋದಳು.

ನಾಟಕ ಚೆನ್ನಾಯಿತು. ಮೇಘಶ್ರೀ ಸ್ಟೇಜಿಗೆ ಬಂದು ಅಪ್ಪಣೆ ಮಾಡಿದಾಗ, ಸಭೆಯ ಹಿಂದಿನ ಸಾಲಿನಿಂದ ಅವಳ ತಾಯಿಯ ದನಿಯೂ ಜೊತೆಗೇ ಕೇಳಿಸಿತು. ಯಾರೋ ಶ್ ಎಂದರು. ಅವಳು ನಿಲ್ಲಿಸಲಿಲ್ಲ. ಕೊನೆಯಲ್ಲಿ ರಾಣಿ ಕತ್ತೆಯ ಬೆನ್ನಿಗೆ ತಲೆಯಿಟ್ಟಳು. ಎಲ್ಲ ಮಕ್ಕಳೂ ಬಿದ್ದಲ್ಲೇ ಮಲಗಿದರು. ಇನ್ನು ಕತ್ತೆ ಒದರಬೇಕು. ಒದರಲಿಲ್ಲ. ಸಭೆ ಕಾಯಿತು. ನಾನು ಪಕ್ಕದ ಪರದೆಯ ಹಿಂದಿದ್ದೆ. ಮುಖವಾಡದ ಕೆಳಗೆ ನನ್ನ ಮಗಳ ಭುಜ ಅಲುಗುತ್ತಿದ್ದದ್ದು ನನಗೊಬ್ಬಳಿಗೇ ಕಾಣುತ್ತಿತ್ತು. ಮಲಗಿದ್ದ ಮೇಘಶ್ರೀಗೂ ತಿಳಿದಿರಬೇಕು, ಮೆಲ್ಲಗೆ ಅವಳ ಕೈ ಹಿಡಿದುಕೊಂಡಳು. ತುಂಬ ಹೊತ್ತಿನ ಮೇಲೆ ಕತ್ತೆ ಒದರಿತು. ಅಂಥ ಒದರಾಟವನ್ನು ಯಾವ ಮಗುವೂ ಮಾಡಿರಲಿಲ್ಲ. ಸಭೆಯಲ್ಲಿದ್ದ ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ.

ಮಾವನವರು ಗ್ರೀನ್ ರೂಮಿಗೆ ಬಂದರು. ಮುಖವಾಡ ತೆಗೆದು ಕೂತಿದ್ದ ಮೊಮ್ಮಗಳ ತಲೆ ಸವರಿ, ಈ ಸಲವೂ ನಿನ್ನ ಕೈಗೆ ಸಿಗಲಿಲ್ಲವಲ್ಲ ಮಗಳೇ ಎಂದರು.

‘ಸಿಕ್ತು ತಾತ. ಬಿಟ್ಬುಟ್ಟೆ.’

ಅಷ್ಟೇ ಹೇಳಿದಳು. ಮಾವ ನನ್ನ ಕಡೆ ನೋಡಿದರು. ಭತ್ತದ ವ್ಯಾಪಾರ ಮಾಡಿದ ಮನುಷ್ಯ, ಅಳತೆಯಲ್ಲಿ ಎಲ್ಲಿ ತಪ್ಪಾಗಿದೆ ಎಂಬುದು ಅವರಿಗೆ ಬೇಗ ಗೊತ್ತಾಗುತ್ತದೆ. ಸ್ಟೇಜಿನ ಮೇಲೆ ಗಿರಣಿಯ ಮಾತು ಬರಲಿಲ್ಲ. ಹಾರ ಹಾಕಿಸಿಕೊಳ್ಳದೆ ಕಾರು ಹತ್ತಿದರು.

ನಿನ್ನೆ ಬೆಳಗ್ಗೆ ಜಗಲಿಗೆ ಕರೆದು ಕೇಳಿದರು. ಎಲ್ಲ ಹೇಳಿದೆ. ನಿಮ್ಮ ಆಸೆ, ಮಕ್ಕಳ ಗಿರಣಿ, ಅದಕ್ಕೇ ಹೀಗೆ ಮಾಡಿದೆ ಎಂದೆ. ಅವರು ಗದರಲಿಲ್ಲ.

‘ನಾನು ಆಸೆ ಪಟ್ಟಿದ್ದು ದಿಟ ಕಣಮ್ಮ. ಮೋಸ ಮಾಡು ಅಂದಿರ್ಲಿಲ್ಲ. ನಮ್ಮಪ್ಪನ ಕಾಲದಲ್ಲೂ ಆ ಕೊಳಗದಲ್ಲಿ ಕಳ್ಳ ಅಳತೆ ನಡೀಲಿಲ್ಲ.’

ಈ ಮಾತನ್ನು ನಿಮ್ಮಜ್ಜಿ ಒಪ್ಪುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೆ ನನಗೆ ತಲೆ ಎತ್ತಲಾಗಲಿಲ್ಲ. ದೀಪಾವಳಿ ಕಳೆದ ಮೇಲೆ ಗಿರಣಿಯ ಬೀಗದ ಕೈ ಕೊಡು, ಟೈಲ್ಸಿನವರಿಗೆ ಮಾತು ಕೊಟ್ಟಿದ್ದೇನೆ ಎಂದರು. ಸಿಟ್ಟೋ ನಾಚಿಕೆಯೋ ಅವರಿಗೇ ತಿಳಿದಿರಲಾರದು. ನಮ್ಮನೆಯವರು, ಅನಿಲ್, ಅಪ್ಪನ ಹತ್ತಿರ ಮಾತಾಡುತ್ತೇನೆ ಎಂದರು. ಬೇಡ ಎಂದೆ. ಗಿರಣಿ ಹೋಯಿತು ಶೋಭಿ.

ಗಿರಣಿಗಾಗಿ ಮಾಡಿದೆ ಎಂದು ಮಾವನಿಗೆ ಹೇಳಿದ್ದೂ ಸುಳ್ಳು. ನಿನಗಾದರೂ ನಿಜ ಬರೆಯುತ್ತೇನೆ. ಗಿರಣಿ ಇರಲಿ ಹೋಗಲಿ, ನನಗೆ ನನ್ನ ಮಗಳ ತಲೆಯ ಮೇಲೆ ಕಿರೀಟ ನೋಡಬೇಕಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನೀನು ಬೇರೆ ತಾಯಂದಿರನ್ನು ಕಂಡು ಹೇಳುತ್ತಿದ್ದಾಗ ನಾನೂ ನಿನ್ನ ಜೊತೆ ನಗುತ್ತಿದ್ದೆ. ಎರಡು ವರ್ಷದ ಕೆಳಗೆ ನೀನು ನನ್ನ ಮೇಲೆ ಅನುಮಾನ ಪಟ್ಟಿರಲಿಲ್ಲ. ನಾನೂ ಒಬ್ಬ ತಾಯಿ ಎಂದಷ್ಟೇ ನೀನು ಹೇಳಿದ್ದು. ನನಗೆ ಅರ್ಥವಾಗಲಿಲ್ಲ.

ಬರುವ ಭಾನುವಾರ ಚನ್ನರಾಯಪಟ್ಟಣದಲ್ಲಿ ಇದೇ ನಾಟಕ. ಒಪ್ಪಿಕೊಂಡಾಗಿದೆ, ಮಕ್ಕಳು ಕಾಯುತ್ತಿದ್ದಾರೆ. ಕೊಳಗವನ್ನು ಇನ್ನು ನಾನು ಹಿಡಿಯುವುದಿಲ್ಲ. ಅಂಚೆ ಬೇಡ ಎಂದು ಗೌತಮ್ ಕೈಯಲ್ಲಿ ಕೊಳಗವನ್ನೇ ನಿನ್ನ ಮನೆಗೆ ಕಳಿಸುತ್ತಿದ್ದೇನೆ. ಈ ಕಾಗದ ಅದರೊಳಗೆ, ಕಲ್ಲುಗಳ ಮೇಲೆ ಇದೆ. ಅದು ನಿಮ್ಮಜ್ಜಿ ಸೆರಗೊಡ್ಡಿ ನಿಂತಿದ್ದ ಕೊಳಗ, ನಿನ್ನ ಹತ್ತಿರವೇ ಇರಬೇಕಾದದ್ದು. ನನ್ನ ಜೊತೆ ಮಾತಾಡದಿದ್ದರೂ ಸರಿ. ನಾನು ಪರದೆ ಎಳೆಯುತ್ತೇನೆ, ಈ ಸಲ ಅದು ನನ್ನ ಕೆಲಸ. ನೀನು ಬಂದು ಮಕ್ಕಳ ಮುಂದೆ ಕೊಳಗ ಹಿಡಿದರೆ ಸಾಕು. ಗಿರಣಿ ಇಲ್ಲದಿದ್ದರೇನು, ಟೆಂಪೋ ಇದೆ, ಗೋಣಿಯ ಪರದೆ ಇದೆ, ಕಾಯಿ ಕೊಡುವ ಊರುಗಳಿವೆ.

ನಿಸರ್ಗ ಚೆನ್ನಾಗಿದ್ದಾಳೆ. ಸ್ಕೂಲಿಗೆ ಹೋಗುತ್ತಾಳೆ, ಊಟ ಮಾಡುತ್ತಾಳೆ, ಮೇಘಶ್ರೀಯ ಜೊತೆ ಆಡುತ್ತಾಳೆ. ಮಕ್ಕಳಲ್ಲವಾ, ಬೇಗ ಮರೆಯುತ್ತಾರೆ.

ಪರದೆ ಹಿಡಿದು ಕಾಯುವ
ನಿನ್ನ ರೂಪ

ತಾ.ಕ.: ಮೇಲಿನ ಸಾಲು ಬರೆದ ಮೇಲೆ ಕಲ್ಲುಗಳನ್ನು ಕೊಳಗಕ್ಕೆ ತುಂಬಿದೆ. ಕಿರೀಟದ ಕಲ್ಲು ಅದರಲ್ಲಿಲ್ಲ. ನಿಸರ್ಗಳ ಹತ್ತಿರ ಇದೆ. ಕೊಡು ಮಗಳೇ, ಭಾನುವಾರ ಬೇಕು ಎಂದೆ. ‘ನಿಂಗೆ ಕೊಡಲ್ಲಮ್ಮ. ಶೋಭತ್ತೆ ಬಂದ್ರೆ ಅವ್ರ ಕೈಗೇ ಕೊಡ್ತೀನಿ’ ಎಂದಳು. ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಾಳೆ. ಹೊದಿಕೆ ಸರಿ ಮಾಡಲು ನಾನು ಹತ್ತಿರ ಹೋದರೆ, ನಿದ್ದೆಯಲ್ಲೂ ಅವಳ ಕೈ ದಿಂಬಿನ ಕೆಳಗೆ ಹೋಗುತ್ತದೆ.